ಉಪ್ಪರಿಗೆ ಕೋಣೆಗೆ ಎರಡು ಕಡು ಬೂದಿ: ಐರನ್ ಓರಾ, ಪೆಪ್ಪರ್‌ಕಾರ್ನಾ?

ಪೆರ್ಲದಕ್ಕ | ಆಗಸ್ಟ್ 21, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ನಮ್ಮ ಮನೆಯಲ್ಲಿ ಇದೇ ಚರ್ಚೆ. ನನಗೆ ಸಾಕಾಗಿ ಹೋಗಿದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಹಳೆಯ ಮುರಕಲ್ಲಿನ ಮನೆ. ಉಪ್ಪರಿಗೆಯಲ್ಲಿ 12 ಅಡಿ, 10 ಅಡಿಯ ಒಂದು ಕೋಣೆ ಉಂಟು. ಇಷ್ಟು ವರ್ಷ ಅಡಿಕೆ ಚೀಲ ಇಡುತ್ತಿದ್ದೆವು. ಈಗ ಇವರು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ, ಹಾಗಾಗಿ ಅದು ಆಫೀಸು ಕೋಣೆ ಆಗಲಿದೆ. ನೆಲ ಹಳೆಯ ರೆಡ್ ಆಕ್ಸೈಡ್. ಮೇಲೆ ಮರದ ಮುಚ್ಚಿಗೆ. ಕಿಟಕಿ ಒಂದೇ, ಉತ್ತರಕ್ಕೆ. ಹೊರಗೆ ನೋಡಿದರೆ ಬರೀ ಅಡಿಕೆ ತೋಟ.

ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಅವನ ಓದುವ ಕೋಣೆಗೆ ಶೆರ್ವಿನ್ ವಿಲಿಯಮ್ಸ್ ಕಂಪನಿಯ ಐರನ್ ಓರ್ (7069) ಬಣ್ಣ ಹೊಡೆದಿದ್ದಾನೆ. ಫೋಟೋ ನೋಡಿದ್ದೇ ತಡ, ಇವರಿಗೂ ಅದೇ ಬೇಕು. ನಾನು ಹುಡುಕುತ್ತಾ ಹೋದಾಗ ಅದೇ ಕಂಪನಿಯ ಪೆಪ್ಪರ್‌ಕಾರ್ನ್ (7674) ಸಿಕ್ಕಿತು. ನನಗೆ ಅದು ಇಷ್ಟ. ಇವರು ಹೇಳುವುದು, ಎರಡೂ ಒಂದೇ, ಸುಮ್ನೆ ನಿನ್ನದು ಹಠ ಅಂತ. ಅತ್ತೆ ಹೇಳುವುದು, ಎರಡೂ ಮಸಿ, ಹಿಂದೆ ನಮ್ಮ ಅಡುಗೆಮನೆ ಗೋಡೆ ಹೀಗೆಯೇ ಇತ್ತು, ಅದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ ಅಂತ.

ಕಿಟಕಿಯ ಎದುರಿನ ಗೋಡೆಗೆ ಮಾತ್ರ ಹಾಕುವ ಯೋಚನೆ. ಆ ಕಂಪನಿಯ ಡಬ್ಬ ಬದಿಯಡ್ಕದಲ್ಲಿ ಸಿಗುವುದಿಲ್ಲ. ಅಂಗಡಿಯವರು ಮೆಷಿನ್‌ನಲ್ಲಿ ಹತ್ತಿರದ ಬಣ್ಣ ಮಾಡಿಕೊಡುತ್ತೇವೆ ಅಂದಿದ್ದಾರೆ. ಕಡು ಬಣ್ಣ ಹೊಡೆಸಿದವರು ಯಾರಾದರೂ ಇದ್ದೀರಾ?

ನೀರ್ಚಾಲು ಹುಡುಗ | ಆಗಸ್ಟ್ 21, ರಾತ್ರಿ 9:40

ಅಕ್ಕ, ಎರಡೂ ಒಂದೇ ಅಲ್ಲ. ಭಾವನಿಗೆ ತೋರಿಸಿ.

ಬಣ್ಣಕ್ಕೆ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ. ಗೋಡೆಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ವಾಪಸ್ ಬರುತ್ತದೆ ಅನ್ನುವ ಲೆಕ್ಕ. 0 ಅಂದರೆ ಪೂರ್ತಿ ನುಂಗುವ ಕಪ್ಪು, 100 ಅಂದರೆ ಪೂರ್ತಿ ವಾಪಸ್ ಕೊಡುವ ಬಿಳಿ. ಐರನ್ ಓರ್ 6, ಪೆಪ್ಪರ್‌ಕಾರ್ನ್ 10. ಅದೇ ಕಂಪನಿಯ ಅಪ್ಪಟ ಕಪ್ಪು, ಟ್ರೈಕಾರ್ನ್ ಬ್ಲ್ಯಾಕ್, 3.

4 ಅಂಕ ಅಷ್ಟೇ ಅಲ್ವಾ ಅನ್ನಬೇಡಿ. 60 ಮತ್ತು 64 ಆದರೆ ಯಾರಿಗೂ ಗೊತ್ತಾಗದು. 6 ಮತ್ತು 10 ಅಂದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಬೆಳಕು. ಒಂದೇ ಕಿಟಕಿಯ ಕೋಣೆಯಲ್ಲಿ ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ.

ಪರದೆಗೆ ಕೊಡುವ ಕೆಂಪು, ಹಸಿರು, ನೀಲಿ ಅಂಕಿ ನೋಡಿದರೆ ಐರನ್ ಓರ್ 67, 67, 65. ಪೆಪ್ಪರ್‌ಕಾರ್ನ್ 88, 88, 88. ಮೊದಲನೆಯದರಲ್ಲಿ ನೀಲಿ ಒಂದು ಚೂರು ಕಡಿಮೆ, ಅಂದರೆ ತುಸು ಬೆಚ್ಚಗಿನ ಕಡೆಗೆ. ಎರಡನೆಯದು ಅಂಕಿಯಲ್ಲಿ ನೆಟ್ಟಗೆ ಬೂದಿ. ಆದರೆ ನೆಟ್ಟಗಿರುವ ಬೂದಿಯನ್ನು ನಂಬಬಾರದು, ಪಕ್ಕದಲ್ಲಿ ಏನಿದೆಯೋ ಅದರ ಕಡೆಗೆ ವಾಲುತ್ತದೆ. ಮೊಬೈಲಿನಲ್ಲಿ ನೋಡಿ ತೀರ್ಮಾನ ಮಾಡಲೇಬೇಡಿ.

ಸೀತಾಂಗೋಳಿ | ಆಗಸ್ಟ್ 21, ರಾತ್ರಿ 10:05

ಪೆಪ್ಪರ್‌ಕಾರ್ನ್ ಅಂದರೆ ಒಳ್ಳೆಮೆಣಸಿನ ಕಾಳು. ಅದಕ್ಕೆ ಆ ಬಣ್ಣ ಎಲ್ಲಿ ಉಂಟು ಮಾರಾಯ್ರೆ? ನಮ್ಮ ಅಂಗಳದಲ್ಲಿ ಒಣಗಿದ್ದು ನೋಡಿದರೆ ಕಂದು ಕಪ್ಪು. ಹೆಸರು ಇಟ್ಟವನು ಮೆಣಸಿನ ಬಳ್ಳಿ ನೋಡಿರಲಿಕ್ಕಿಲ್ಲ.

ಕುಂಬಳೆ ಮಾಷ್ಟ್ರು | ಆಗಸ್ಟ್ 22, ಬೆಳಿಗ್ಗೆ 6:30

ಪೆರ್ಲದಕ್ಕನ ಮನೆಯಲ್ಲಿ ಇಬ್ಬರು ಹೇಳುವುದೂ ಸರಿ ಇರಬಹುದು. ಬಿಳಿ ಗೋಡೆಯ ಮೇಲೆ ಎರಡು ಸಣ್ಣ ಚೌಕ ಹೊಡೆದು ನೋಡಿದರೆ ಎರಡೂ ಕಪ್ಪೇ ಕಾಣುತ್ತವೆ. ಸುತ್ತಲಿನ ಬಿಳಿಯ ಹೊಡೆತಕ್ಕೆ ಕಣ್ಣು ಒಳಗಿನ ಬಣ್ಣವನ್ನು ಇನ್ನೂ ಕಡು ಮಾಡಿಕೊಳ್ಳುತ್ತದೆ.

ಇದನ್ನು ಸರಿಯಾಗಿ ಬರೆದಿಟ್ಟವನು ಶೆವ್ರಲ್ ಎಂಬ ಫ್ರಾನ್ಸಿನ ರಸಾಯನ ವಿಜ್ಞಾನಿ. ಪ್ಯಾರಿಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಅವನ ಕೈಯಲ್ಲಿತ್ತು. ಕಪ್ಪು ನೂಲು ಸರಿಯಿಲ್ಲ, ಪೇಲವ ಕಾಣುತ್ತದೆ ಅಂತ ದೂರು ಬಂತು. ಅವನು ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ಯಾವ ದೋಷವೂ ಇಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ ಮತ್ತು ನೇರಳೆ ನೂಲು ಕಪ್ಪನ್ನು ಕೆಡಿಸುತ್ತಿದ್ದವು. ಅವನ ಪುಸ್ತಕ ಬಂದದ್ದು 1839ರಲ್ಲಿ.

ನಿಮ್ಮ ಕೋಣೆಗೆ ಬರೋಣ. ನೆಲ ಕೆಂಪು. ಕೆಂಪಿನ ಪಕ್ಕದ ಬೂದಿ ಕಣ್ಣಿಗೆ ತುಸು ಹಸಿರು ಕಾಣುತ್ತದೆ. ಅದರ ಮೇಲೆ, ಕಿಟಕಿಯಲ್ಲಿ ಬರುವ ಬೆಳಕು ಅಡಿಕೆ ಸೋಗೆ ದಾಟಿ ಬರುವಂಥದ್ದು, ಅದೂ ಹಸಿರು. ಪೆಪ್ಪರ್‌ಕಾರ್ನ್ ನಿಮ್ಮಲ್ಲಿ ಬೂದಿಯಾಗಿ ಉಳಿಯುತ್ತದೆ ಅಂತ ನನಗೆ ಅನಿಸುವುದಿಲ್ಲ.

ಇನ್ನು ಮುರಕಲ್ಲು ಅಂದಿರಿ. ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಈ ಕಲ್ಲನ್ನು ನಮ್ಮದೇ ಕೇರಳದ ಅಂಗಾಡಿಪುರಂನಲ್ಲಿ ನೋಡಿ, 1807ರ ಪುಸ್ತಕದಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಲೇಟರ್ ಅಂದರೆ ಇಟ್ಟಿಗೆ. ನೆಲದಿಂದ ತೆಗೆಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ...

ಸೀತಾಂಗೋಳಿ | ಆಗಸ್ಟ್ 22, ಬೆಳಿಗ್ಗೆ 7:15

ಮಾಷ್ಟ್ರೇ, ಬೆಲ್ ಹೊಡೆಯಿತು.

ಕುಂಬಳೆ ಮಾಷ್ಟ್ರು | ಆಗಸ್ಟ್ 22, ಬೆಳಿಗ್ಗೆ 7:21

ಮುಗಿಸುತ್ತೇನೆ. ಆ ಕಲ್ಲಿನ ಮೈಯೆಲ್ಲ ತೂತು. ನೀರು ಕುಡಿಯುತ್ತದೆ. ಗೋಡೆಗೆ ಬಣ್ಣ ಹಾಕುವವರಿಗೆ ಅಷ್ಟು ಗೊತ್ತಿದ್ದರೆ ಸಾಕು.

ಉಪ್ಪಳ ಪೈಂಟರ್ | ಆಗಸ್ಟ್ 22, ರಾತ್ರಿ 8:50

ಮಾಷ್ಟ್ರು ಕೊನೆಗೆ ಹೇಳಿದ್ದೇ ನನ್ನ ಮೊದಲ ಪ್ರಶ್ನೆ. ಅಕ್ಕ, ಕಿಟಕಿ ಉತ್ತರಕ್ಕೆ ಅಂದರೆ ಎದುರಿನದು ತೆಂಕಣ ಗೋಡೆ. ಅದರ ಹೊರಮೈಗೆ ಮಳೆ ಬೀಳುತ್ತದಾ? ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಗಾಳಿಮಳೆ ಹೊಡೆಯುವುದು ತೆಂಕಣ, ಪಡುವಣ ಗೋಡೆಗೇ. ಮಾಡಿನ ಇಳಿಜಾರು ಗೋಡೆಯಿಂದ ಎಷ್ಟು ಮುಂದೆ ಬಂದಿದೆ ನೋಡಿ. ಎರಡು ಅಡಿಗಿಂತ ಕಡಿಮೆ ಇದ್ದರೆ ನಾನು ಆ ಗೋಡೆಗೆ ಕಡು ಬಣ್ಣ ಹಾಕಲು ಒಪ್ಪುವುದಿಲ್ಲ.

ಕಾರಣ ಹೇಳುತ್ತೇನೆ. ಗೋಡೆ ಕುಡಿದ ನೀರು ಒಣಗುವಾಗ ಒಳಗಿನ ಉಪ್ಪನ್ನೂ ಹೊತ್ತುಕೊಂಡು ಹೊರಗೆ ಬರುತ್ತದೆ. ನೀರು ಹಾರಿಹೋಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಬಿಳಿ ಗೋಡೆಯಲ್ಲಿ ಅದು ಇದ್ದರೂ ಕಾಣದು. ಐರನ್ ಓರ್ ಗೋಡೆಯಲ್ಲಿ ಹಿಟ್ಟು ಎರಚಿದ ಹಾಗೆ ಕಾಣುತ್ತದೆ. ಬೂಸ್ಟು ಬಂದರೂ ಅದೇ ಕತೆ. ಒರೆಸಿದರೆ ಹೋಗುತ್ತದೆ, ಮುಂದಿನ ವರ್ಷ ಮತ್ತೆ ಬರುತ್ತದೆ.

ಇನ್ನೊಂದು. ಹಳೆಯ ಮನೆಯಲ್ಲಿ ಒಳಗೆ ಸುಣ್ಣ ಬಳಿದು ಬಳಿದು ದಪ್ಪ ಪದರ ಆಗಿರುತ್ತದೆ. ಅದನ್ನು ಕೆರೆದು ತೆಗೆಯದೆ ಎಮಲ್ಷನ್ ಹೊಡೆದರೆ ಹಪ್ಪಳದ ಹಾಗೆ ಏಳುತ್ತದೆ. ಅದಕ್ಕೆ ಯಾವ ಕಂಪನಿಯ ಯಾವ ಬಣ್ಣವೂ ಮದ್ದಲ್ಲ.

ಸೀತಾಂಗೋಳಿ | ಆಗಸ್ಟ್ 22, ರಾತ್ರಿ 9:30

ಪೈಂಟರಣ್ಣ ಹೇಳಿದ ಉಪ್ಪು ನಮ್ಮ ಮನೆಯಲ್ಲಿ ಉಂಟು. ತಮಾಷೆ ಸಾಕು, ನನ್ನ ಕತೆ ಕೇಳಿ.

ಮೂರು ವರ್ಷದ ಹಿಂದೆ ಟಿವಿ ಹಿಂದಿನ ಗೋಡೆಗೆ ಇದ್ದಿಲು ಬಣ್ಣ ಹೊಡೆಸಿದೆ. ಪಡುವಣ ಗೋಡೆ. ಮಾರ್ಚ್‌ನಲ್ಲಿ ಹೊಡೆದದ್ದು, ಏಪ್ರಿಲ್, ಮೇ ತಿಂಗಳಲ್ಲಿ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಆಟಿ ತಿಂಗಳು ಬರುವಾಗ ಟಿವಿಯ ಎಡಗಡೆ ಬೆಳ್ಳಗೆ ಒಂದು ಗೆರೆ ಎದ್ದಿತು. ಹದಿನೈದು ದಿನದಲ್ಲಿ ಅದು ಭೂಪಟ. ಮಗಳು ಅದರಲ್ಲಿ ಶ್ರೀಲಂಕಾ ಹುಡುಕಿದಳು.

ಮತ್ತೊಂದು ಯಾರೂ ಹೇಳುವುದಿಲ್ಲ. ನಾನು ಪೂರ್ತಿ ಮ್ಯಾಟ್, ಅಂದರೆ ಹೊಳಪೇ ಇಲ್ಲದ್ದು, ಹಾಕಿಸಿದ್ದೆ. ಗೋಡೆ ಬದಿಯಲ್ಲಿ ಮಂಚ. ಅಪ್ಪ ಅಲ್ಲಿ ಕೂತು ವಾರ್ತೆ ನೋಡುವುದು. ಅವರ ತಲೆಯಲ್ಲಿ ಯಾವಾಗಲೂ ತೆಂಗಿನೆಣ್ಣೆ. ಎರಡು ತಿಂಗಳಲ್ಲಿ ಗೋಡೆಯ ಮೇಲೆ ತಲೆಯಷ್ಟೇ ದುಂಡಗೆ, ಹೊಳೆಯುವ ಒಂದು ಕಲೆ. ಸೋಪಿನ ನೀರಲ್ಲಿ ತಿಕ್ಕಿದೆ. ಎಣ್ಣೆ ಹೋಯಿತು, ತಿಕ್ಕಿದ ಜಾಗ ಇನ್ನೂ ಜಾಸ್ತಿ ಹೊಳೆಯಲು ಶುರುವಾಯಿತು.

ಉಪ್ಪಳ ಪೈಂಟರ್ | ಆಗಸ್ಟ್ 22, ರಾತ್ರಿ 9:48

ಅದು ಹಾಗೆಯೇ. ಕಡು ಮ್ಯಾಟ್ ತಿಕ್ಕಿದರೆ ಪಾಲಿಶ್ ಆಗುತ್ತದೆ. ಜನ ಒರಗುವ ಜಾಗಕ್ಕೆ ಸ್ವಲ್ಪ ಶೀನ್, ಅಂದರೆ ಹೊಳಪು, ಇರುವುದು ಒಳ್ಳೆಯದು. ಆದರೆ ಶೀನ್ ಜಾಸ್ತಿ ಆದರೆ ಗೋಡೆಯ ಉಬ್ಬು ತಗ್ಗು ಎಲ್ಲ ಹೊರಗೆ ಬರುತ್ತದೆ. ಎರಡರಲ್ಲಿ ಒಂದು ಆರಿಸಬೇಕು.

ಜತ್ತಿನಿಂದ | ಆಗಸ್ಟ್ 23, ಮಧ್ಯಾಹ್ನ 1:10

ನಿಮ್ಮ ಕಡೆ ನೀರಿನ ಚಿಂತಿ, ನಮ್ಮ ಕಡೆ ಧೂಳಿನ ಚಿಂತಿ. ಸಾಂಗಲಿ ಜಿಲ್ಲಾದಾಗ ನಮ್ಮ ಜತ್ ತಾಲೂಕು ಬರಗಾಲದ್ದು. ಕರಿ ಗೋಡಿ ಮಾಡಿಸಿದ್ದೆ. ಗೋಡಿ ಭಾಳ ಛಲೋ ಉಳಿದದ, ಆದರ ಸ್ವಿಚ್ ಬೋರ್ಡಿನ ಮ್ಯಾಲೆ, ಫೋಟೋದ ಚೌಕಟ್ಟಿನ ಮ್ಯಾಲೆ ದಿನಾ ಬೂದಿ ಕುಂತಂಗ ಕಾಣತದ. ಬ್ಯಾಸಗಿಯೊಳಗ ಎರಡು ದಿನಕ್ಕೊಮ್ಮೆ ಅರಿವಿ ಹಿಡೀಬೇಕು.

ಶಾರ್ಜಾ ಭಾವ | ಆಗಸ್ಟ್ 23, ಸಂಜೆ 6:02

ಕಪ್ಪು ಗೋಡೆ ಅಂದರೆ ಕೋಣೆ ಸೆಕೆ ಆಗುವುದಿಲ್ಲವಾ?

ನೀರ್ಚಾಲು ಹುಡುಗ | ಆಗಸ್ಟ್ 23, ಸಂಜೆ 6:30

ಒಳಗಿನ ಗೋಡೆಗೆ ನೇರ ಬಿಸಿಲು ಬೀಳದಿದ್ದರೆ ಹೇಳಿಕೊಳ್ಳುವಷ್ಟು ವ್ಯತ್ಯಾಸ ಇಲ್ಲ ಭಾವ. ಹೊರಗಿನ ಗೋಡೆ, ತಾರಸಿಗೆ ಕಪ್ಪು ಹಾಕಿದರೆ ಅದು ಬೇರೆ ಮಾತು. ಅಕ್ಕನ ಕಿಟಕಿ ಉತ್ತರಕ್ಕೆ, ನೇರ ಬಿಸಿಲು ಬರುವುದು ಕಡಿಮೆ.

ಪೆರ್ಲದ ಭಾವನಿಗೆ ಒಂದು ಮಾತು. ವಿಡಿಯೋ ಕಾಲ್‌ಗೆ ಕೂರುವಾಗ ಹಿಂದೆ ಈ ಗೋಡೆ ಇದ್ದರೆ ಕ್ಯಾಮೆರಾ ಇಡೀ ಚಿತ್ರ ಕತ್ತಲೆ ಅಂದುಕೊಂಡು ಬೆಳಕು ಏರಿಸುತ್ತದೆ. ಮುಖ ಪೌಡರ್ ಹಾಕಿದ ಹಾಗೆ ಬರುತ್ತದೆ.

ಚೌಕಿ ಮೂಲೆ | ಆಗಸ್ಟ್ 23, ರಾತ್ರಿ 11:45

ಪೌಡರ್ ಅಂದ ಕೂಡಲೇ ನಾನು ಬಂದೆ. ಯಕ್ಷಗಾನದ ಹವ್ಯಾಸಿ ವೇಷಧಾರಿ ನಾನು, ಬಣ್ಣದ ವೇಷವೂ ಮಾಡುತ್ತೇನೆ. ಕಪ್ಪಿನ ವಿಷಯ ನಮಗೆ ಸ್ವಲ್ಪ ಗೊತ್ತು.

ವೇಷ ಕಟ್ಟುವ ಚೌಕಿಯಲ್ಲಿ ಹಳದಿ ಬಲ್ಬಿನ ಕೆಳಗೆ ಕಣ್ಣಿನ ಸುತ್ತ ಕಾಡಿಗೆ ತೀಡುವಾಗ ಅದು ಬೆಚ್ಚಗೆ, ಕಂದು ಸೇರಿದ ಕಪ್ಪು. ರಂಗಸ್ಥಳಕ್ಕೆ ಹೋಗಿ ಬಿಳಿ ಎಲ್‌ಇಡಿಯ ಎದುರು ನಿಂತರೆ ಅದೇ ಕಾಡಿಗೆ ನೀಲಿ ಹೊಡೆಯುತ್ತದೆ. ಮೇಳದ ಹಿರಿಯರು ಗ್ಯಾಸ್‌ಲೈಟಿನ ಕಾಲದ ಬಣ್ಣಗಾರಿಕೆಯೇ ಬೇರೆ ಅನ್ನುವುದು ಸುಮ್ನೆ ಅಲ್ಲ.

ಅಂಗಡಿಯಲ್ಲಿ ಇರುವುದು 6500 ಕೆಲ್ವಿನ್‌ನ ಬೆಳ್ಳನೆ ಟ್ಯೂಬು. ಮನೆಯಲ್ಲಿ ನೀವು 3000ದ ಹಳದಿ ಬೆಳಕು ಹಾಕುತ್ತೀರಿ ಅಂದರೆ ಅಂಗಡಿಯಲ್ಲಿ ನೋಡಿದ ಬಣ್ಣ ಅಂಗಡಿಯಲ್ಲೇ ಉಳಿಯುತ್ತದೆ. ಅಕ್ಕ, ಮೊದಲು ಬಲ್ಬು ಯಾವುದು ಅಂತ ತೀರ್ಮಾನ ಮಾಡಿ. ಆಮೇಲೆ ಬಣ್ಣ.

ನೀರ್ಚಾಲು ಹುಡುಗ | ಆಗಸ್ಟ್ 24, ಬೆಳಿಗ್ಗೆ 8:10

ಇದಕ್ಕೆ ಸೇರಿಸಬೇಕಾದ್ದು ಒಂದುಂಟು. ಅಂಗಡಿಯ ಮೆಷಿನ್ ಬೇರೆ ಕಂಪನಿಯ ಬಣ್ಣಕ್ಕೆ ಹೊಂದಿಸುವಾಗ ತನ್ನಲ್ಲಿರುವ ಬಣ್ಣಗಳಿಂದ ಹೊಂದಿಸುತ್ತದೆ. ಒಂದು ಬೆಳಕಿನಲ್ಲಿ ಎರಡೂ ಒಂದೇ ಕಾಣಬಹುದು, ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆ. ಹಾಗಾಗಿ ತಮ್ಮನ ಗೋಡೆಯನ್ನು ಮರೆತುಬಿಡಿ. ಅವನ ಹತ್ತಿರ ಕಂಪನಿಯ ಬಣ್ಣದ ಚೀಟಿ ಇದ್ದರೆ ಯಾರ ಕೈಯಲ್ಲಾದರೂ ಕಳಿಸಲು ಹೇಳಿ. ಮೊಬೈಲ್ ಫೋಟೋ ತೋರಿಸಿ ಮಾಡಿಸಿದರೆ ದೇವರೇ ಗತಿ.

ಆಮೇಲೆ ಗೋಡೆ ಮೇಲೆ ಹೊಡೆದು ನೋಡಬೇಡಿ. ಎರಡು ದೊಡ್ಡ ರಟ್ಟು ತಗೊಳ್ಳಿ, ಅಂಚಿನವರೆಗೂ ಎರಡು ಕೋಟು ಹೊಡೆಯಿರಿ, ಬಿಳಿ ಉಳಿಯಬಾರದು. ಆ ರಟ್ಟನ್ನು ಗೋಡೆಯಿಂದ ಗೋಡೆಗೆ ಒಯ್ದು ನೋಡಿ.

ಪೆರ್ಲದಕ್ಕ | ಸೆಪ್ಟೆಂಬರ್ 19, ರಾತ್ರಿ 8:25

ತಡವಾಯಿತು, ಬೇಸರ ಮಾಡಬೇಡಿ. ಚೌತಿಗೆ ಬಂದ ನೆಂಟರ ಕೈಯಲ್ಲಿ ತಮ್ಮ ಎರಡೂ ಬಣ್ಣದ ಚೀಟಿ ಕಳಿಸಿದ್ದ. ಅಂಗಡಿಗೆ ಕೊಟ್ಟು ಮಾಡಿಸಿದೆ. 1 ಲೀಟರ್‌ಗಿಂತ ಕಡಿಮೆ ಮಾಡಿಕೊಡುವುದಿಲ್ಲ ಅಂದರು, ಹಾಗಾಗಿ ಎರಡೂ ಒಂದೊಂದು ಲೀಟರ್ ಬಂತು. ಇವರು ಮುಖ ಸಣ್ಣ ಮಾಡಿದರು.

ಪೈಂಟರಣ್ಣ ಕೇಳಿದ್ದು ಅಳೆದೆ. ತೆಂಕಣ ಗೋಡೆಗೆ ಮಾಡಿನ ಇಳಿಜಾರು ಒಂದೂವರೆ ಅಡಿ ಮಾತ್ರ. ಒಳಗಿನಿಂದ ಕೈ ಇಟ್ಟರೆ ಈಗಲೂ ತಣ್ಣಗೆ. ಆ ಗೋಡೆ ಬೇಡ ಅಂತ ಆಯಿತು. ಮೂಡಣ ಗೋಡೆಯ ಆಚೆ ಮೆಟ್ಟಿಲು, ಅದಕ್ಕೆ ಮಳೆಯ ಸೋಂಕೇ ಇಲ್ಲ. ಅದಕ್ಕೇ ಹಾಕುವುದು. 10 ಅಡಿ ಉದ್ದ, 9 ಅಡಿ ಎತ್ತರ.

ಈಗ ರಟ್ಟಿನ ಕತೆ. ಕ್ಯಾಲೆಂಡರ್ ಹಿಂದಿನ ರಟ್ಟು ಎರಡು ತಗೊಂಡು ಹೊಡೆದೆ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಒಂದು, ಎರಡು ಅಂತ ಬರೆದೆ. ಯಾರಿಗೂ ಹೇಳಲಿಲ್ಲ. ಮೂಡಣ ಗೋಡೆಗೆ ಒರಗಿಸಿ ಇಟ್ಟೆ.

ಬೆಳಿಗ್ಗೆ ಏಳಕ್ಕೆ ಎರಡೂ ಬೂದಿ, ಒಂದು ಕಡು, ಒಂದು ತಿಳಿ. ನಾನು ಗೆದ್ದೆ ಅಂದುಕೊಂಡೆ. ಮಧ್ಯಾಹ್ನ ಮಳೆ ಬಿಟ್ಟು ತೋಟದ ಮೇಲೆ ಬಿಸಿಲು ಬಿತ್ತು. ಮೇಲೆ ಹೋಗಿ ನೋಡುತ್ತೇನೆ, ಪೆಪ್ಪರ್‌ಕಾರ್ನ್ ಹಸಿರು. ಅಪ್ಪಟ ಹಸಿರು ಅಲ್ಲ, ಬಾವಿಕಟ್ಟೆಯ ಒಣಗಿದ ಪಾಚಿ ಇರುತ್ತದಲ್ಲ, ಹಾಗೆ. ರಟ್ಟಿನ ಕೆಳಗಿನ ಅರ್ಧ ಅಡಿಗೆ ನೆಲದ ಕೆಂಪು ಹೊಡೆದು ಅಲ್ಲಿ ಮಾತ್ರ ನೇರಳೆ ಛಾಯೆ. ಒಂದೇ ರಟ್ಟಿನಲ್ಲಿ ಎರಡು ಬಣ್ಣ. ಐರನ್ ಓರ್ ಪಕ್ಕದಲ್ಲೇ ಇತ್ತು, ಅದು ಅಲುಗಾಡಲಿಲ್ಲ. ಅಷ್ಟು ಕಡಿಮೆ ಬೆಳಕು ವಾಪಸ್ ಕೊಡುವಾಗ ಹಸಿರನ್ನಾದರೂ ಎಲ್ಲಿಂದ ಕೊಡುತ್ತದೆ?

ಸಂಜೆ ಹಳದಿ ಬಲ್ಬು ಹಾಕಿದರೆ ಮತ್ತೆ ಉಲ್ಟಾ. ಪೆಪ್ಪರ್‌ಕಾರ್ನ್ ಚಂದ, ಮೆತ್ತಗೆ. ಐರನ್ ಓರ್ ಮಾತ್ರ ಬರೀ ಕತ್ತಲೆ, ಗೋಡೆಯಲ್ಲಿ ಬಾಗಿಲು ತೆರೆದಿಟ್ಟ ಹಾಗೆ.

ಇವರಿಗೆ ತೋರಿಸಿದೆ. ಒಂದನೆಯದು ಚಂದ ಅಂದರು. ಅದು ಪೆಪ್ಪರ್‌ಕಾರ್ನ್! ಈಗ ನಾನು ಐರನ್ ಓರ್ ಕಡೆ, ಇವರು ಪೆಪ್ಪರ್‌ಕಾರ್ನ್ ಕಡೆ. ಮನೆಯಲ್ಲಿ ಚರ್ಚೆ ಅದೇ, ಜಾಗ ಮಾತ್ರ ಬದಲಾಯಿತು.

ಅತ್ತೆ ಮೇಲೆ ಬಂದು ಎರಡನ್ನೂ ಮುಟ್ಟಿ ನೋಡಿದರು. ಐರನ್ ಓರ್ ತೋರಿಸಿ, ಇದು ಗೆರಟೆ ಕರಿ ಹಾಕಿ ಸೆಗಣಿ ಸಾರಿಸಿದ ನೆಲದ ಬಣ್ಣ ಅಂದರು. ಮುಳ್ಳೇರಿಯದ ಅವರ ತವರಿನಲ್ಲಿ ಚಾವಡಿ ನೆಲ ಹಾಗೆಯೇ ಇತ್ತಂತೆ, ಕೈಯಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡುತ್ತಿದ್ದರಂತೆ. ನಾನು, ಹಾಗಾದರೆ ಇದೇ ಹಾಕೋಣ ಅಂದೆ. ಅದು ನೆಲಕ್ಕೆ, ಗೋಡೆಗೆ ಹಾಕುತ್ತಾರಾ ಯಾರಾದರೂ ಅಂತ ಹೇಳಿ ಕೆಳಗೆ ಹೋದರು.

ಚೌಕಿ ಮೂಲೆ | ಸೆಪ್ಟೆಂಬರ್ 19, ರಾತ್ರಿ 10:50

ಭಾವ ಕೋಣೆಯಲ್ಲಿ ಕೂರುವುದು ಯಾವಾಗ? ಹಗಲಾ, ರಾತ್ರಿಯಾ?

ಪೆರ್ಲದಕ್ಕ | ಸೆಪ್ಟೆಂಬರ್ 20, ಬೆಳಿಗ್ಗೆ 7:05

ಬೆಳಿಗ್ಗೆ ಹತ್ತರಿಂದ ಸಂಜೆ ಆರು.

ಚೌಕಿ ಮೂಲೆ | ಸೆಪ್ಟೆಂಬರ್ 20, ಬೆಳಿಗ್ಗೆ 9:30

ಹಾಗಾದರೆ ಪಾಚಿ ಎಂಟು ಗಂಟೆ, ಚಂದ ಅವರು ಎದ್ದು ಹೋದ ಮೇಲೆ. ನೀವೇ ಹೇಳಿ.

ಉಪ್ಪಳ ಪೈಂಟರ್ | ಸೆಪ್ಟೆಂಬರ್ 20, ರಾತ್ರಿ 9:15

ಮೂಡಣ ಗೋಡೆ ಒಳ್ಳೆಯ ಆಯ್ಕೆ. ಆದರೆ ಒಂದು ತೊಂದರೆ ಉಂಟು. ಕಿಟಕಿಯ ಬೆಳಕು ಆ ಗೋಡೆಗೆ ಎದುರಿನಿಂದ ಬೀಳುವುದಿಲ್ಲ, ಬದಿಯಿಂದ ಸವರಿಕೊಂಡು ಹೋಗುತ್ತದೆ. ಅಂಥ ಬೆಳಕಿನಲ್ಲಿ ಪುಟ್ಟಿಯ ಪ್ರತಿ ಉಬ್ಬಿಗೂ ಒಂದು ನೆರಳು. ಹಾಗಾಗಿ ಪುಟ್ಟಿ ಎರಡು ಸಲ, ಸ್ಯಾಂಡ್‌ಪೇಪರ್ ಹಾಕುವಾಗ ಟಾರ್ಚ್ ಅನ್ನು ಗೋಡೆಗೆ ಒತ್ತಿ ಹಿಡಿದು ನೋಡಬೇಕು. ಮ್ಯಾಟ್ ಹಾಕಿಸಿ. ಆಫೀಸು ಕೋಣೆ ಅಲ್ವಾ, ಎಣ್ಣೆ ತಲೆ ಒರಗುವುದಿಲ್ಲ.

ಕಡು ಬಣ್ಣದ ಬೇಸಿನಲ್ಲಿ ಬಿಳಿ ಪುಡಿ, ಅಂದರೆ ಟೈಟಾನಿಯಂ ಡೈಆಕ್ಸೈಡ್, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಮೊದಲ ಕೋಟು ಹೊಡೆದಾಗ ಕೆಳಗಿನ ಬಿಳಿ ಇಣುಕುತ್ತದೆ, ಗೆರೆ ಗೆರೆ ಕಾಣುತ್ತದೆ. ಹೆದರಬೇಡಿ. ಪ್ರೈಮರಿಗೇ ಸ್ವಲ್ಪ ಬೂದಿ ಬಣ್ಣ ಹಾಕಿಸಿದರೆ ಕೆಲಸ ಹಗುರ. ಆದರೂ ಮೂರು ಕೋಟು ಲೆಕ್ಕ ಇಟ್ಟುಕೊಳ್ಳಿ. 90 ಚದರ ಅಡಿಗೆ ಇನ್ನೊಂದು ಲೀಟರ್ ಬೇಕು. ಹಳೆಯದು, ಹೊಸದು ಎರಡನ್ನೂ ಒಂದೇ ಬಕೆಟ್‌ಗೆ ಸುರಿದು ಕಲಸಿ. ಒಂದು ಡಬ್ಬ ಮುಗಿಸಿ ಇನ್ನೊಂದು ತೆರೆದರೆ ನಡುಗೋಡೆಯಲ್ಲಿ ಗಡಿರೇಖೆ ಬರುತ್ತದೆ. ಕಟಿಂಗ್, ಅಂದರೆ ಬ್ರಷ್‌ನಲ್ಲಿ ಹೊಡೆದ ಅಂಚು, ಒಣಗುವ ಮೊದಲೇ ರೋಲರ್ ಹೋಗಬೇಕು, ಇಲ್ಲದಿದ್ದರೆ ಸುತ್ತಲೂ ಫೋಟೋ ಫ್ರೇಮ್ ಹಾಕಿದ ಹಾಗೆ ಕಾಣುತ್ತದೆ.

ಈಗ ಶುರು ಮಾಡಬೇಡಿ. ತುಲಾ ತಿಂಗಳ ಗುಡುಗು ಮಳೆ ಮುಗಿಯಲಿ.

ಪೆರ್ಲದಕ್ಕ | ಡಿಸೆಂಬರ್ 3, ಸಂಜೆ 5:40

ಮುಗಿಯಿತು. ಐರನ್ ಓರ್, ಮೂಡಣ ಗೋಡೆ, ಮ್ಯಾಟ್, ಮೂರು ಕೋಟು. ಉಳಿದ ಮೂರು ಗೋಡೆಗೆ ಹಳದಿ ಸೇರಿದ ಬಿಳಿ. ಸುಣ್ಣದ ಪದರ ಕೆರೆಯಲಿಕ್ಕೇ ಎರಡು ದಿನ ಹಿಡಿಯಿತು, ಒಂದು ಕಡೆ ಹಳೆಯ ನೀಲಿ ಸುಣ್ಣ ಸಿಕ್ಕಿತು. ಮೊದಲ ಕೋಟು ಒಣಗಿದಾಗ ಇವರು ಫೋನ್ ತೆಗೆದು ತಮ್ಮನಿಗೆ ಬೈಯಲು ಹೊರಟಿದ್ದರು, ಅಷ್ಟು ಗೆರೆ. ಮೂರನೆಯದಕ್ಕೆ ಎಲ್ಲ ಮುಚ್ಚಿತು.

ಕತ್ತಲೆ ಬಾಗಿಲಿನ ಸಮಸ್ಯೆಗೆ ಗೋಡೆಯ ಹತ್ತಿರ ನೆಲದಲ್ಲಿ ಒಂದು ದೀಪ ಇಟ್ಟಿದ್ದೇವೆ. ರಾತ್ರಿ ಅದು ಹಾಕಿದರೆ ಸಾಕು. ಮೆಟ್ಟಿಲ ಬದಿಯ ಮೂಲೆಯಲ್ಲಿ ಪುಟ್ಟಿಯ ಒಂದು ಉಬ್ಬು ಉಂಟು, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕಾಣುತ್ತದೆ, ಹನ್ನೊಂದಕ್ಕೆ ಮಾಯ.

ಐರನ್ ಓರ್ ಅರ್ಧ ಲೀಟರ್ ಉಳಿದಿದೆ. ಪೆಪ್ಪರ್‌ಕಾರ್ನ್ ಹೆಚ್ಚು ಕಡಿಮೆ ಇಡೀ ಡಬ್ಬ ಹಾಗೇ ಇತ್ತು, ಅದನ್ನು ಅತ್ತೆ ಎತ್ತಿಟ್ಟಿದ್ದಾರೆ. ಎಂತಕ್ಕೆ ಅಂತ ಹೇಳುತ್ತಿಲ್ಲ.

ಉಪ್ಪಳ ಪೈಂಟರ್ | ಡಿಸೆಂಬರ್ 3, ರಾತ್ರಿ 8:20

ಅದು ಒಳಗಿನ ಎಮಲ್ಷನ್. ಹಟ್ಟಿಗೋ ಬಾವಿಕಟ್ಟೆಗೋ ಹೊಡೆಯುವ ಯೋಚನೆ ಇದ್ದರೆ ಬೇಡ ಅಂತ ಹೇಳಿ, ಮಳೆಗೆ ನಿಲ್ಲುವುದಿಲ್ಲ. ಐರನ್ ಓರ್ ಡಬ್ಬದ ಮೇಲೆ ಮೆಷಿನ್ ಅಂಟಿಸಿದ ಚೀಟಿ ಕಿತ್ತು ಹೋಗದ ಹಾಗೆ ನೋಡಿಕೊಳ್ಳಿ. ಒಂದು ಫೋಟೋ ತೆಗೆದಿಡಿ.

ಪೆರ್ಲದಕ್ಕ | ಡಿಸೆಂಬರ್ 3, ರಾತ್ರಿ 8:31

ಹಟ್ಟಿಗೆ ಅಲ್ಲವಂತೆ. ಚಾವಡಿಯ ಮರದ ಪೆಟ್ಟಿಗೆಗಂತೆ. ಹಸಿರು ಕಂಡರೆ ಅವರಿಗೆ ಅಡ್ಡಿ ಇಲ್ಲವಂತೆ.